ಎರಡನೇ ಪರೀಕ್ಷೆ

"ಓದಿದ್ದೇನೋ ಸೂರತ್‌ನಲ್ಲಂತೆ, ಸೀಸೆ ತೊಳೆಯೋಕೆ ಬರಬೇಕಲ್ಲ!" ಎನ್ನುತ್ತ ಭಾನುಬೆನ್, ಜಿಗೀಷಾ ತೊಳೆದಿಟ್ಟ ಗಾಜಿನ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸೀಸೆ ಲಕಲಕ ಹೊಳೆಯುತ್ತಿತ್ತು. ಅವಳಿಗೆ ಇನ್ನಷ್ಟು ಉರಿಯಿತು.

ಊರಿನ ನೀರು ಪರೀಕ್ಷೆಯ ಆ ಕೋಣೆಯಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷ ಸೇವೆಯಾಗಿತ್ತು. ಜಿಗೀಷಾ ಬಂದು ಎಂಟೇ ತಿಂಗಳು. ಆಗಲೇ ಎಲ್ಲರ ಬಾಯಲ್ಲೂ 'ಜಿಗೀಷಾನ ಕೇಳಿ'. ಈಗ ಆ ಹುಡುಗಿ, ಯಾರೂ ಹೇಳದಿದ್ದರೂ, ಪೀಪಳ ಓಣಿಯ ನಲ್ಲಿ ನೀರು ಪರೀಕ್ಷಿಸಿ, ಅದರಲ್ಲಿ ಬಣ್ಣದ ಕಾರ್ಖಾನೆಯ ಕ್ರೋಮಿಯಂ ವಿಷ ಇದೆ ಎಂದು ಬರೆದಿಟ್ಟಿದ್ದಳು.

ಮೇಲಧಿಕಾರಿ ವಸಾವಡಾ ಸಾಹೇಬರು ಭಾನುಬೆನ್‌ಳನ್ನು ಒಳಗೆ ಕರೆದು ಬಾಗಿಲು ಮುಚ್ಚಿದ್ದರು. "ನೀವು ಹಳಬರು. ಇನ್ನೊಂದ್ಸಲ ನೋಡಿ. ಹುಡುಗಿ ಎಡವಿದಾಳೆ ಅಂತ ಬರೆದ್ರೆ ಸಾಕು. ಇಲ್ಲಿನ ಮುಖ್ಯಸ್ಥರ ಕುರ್ಚಿ ಖಾಲಿ ಆಗ್ತಿದೆ, ಗೊತ್ತಲ್ಲ ಬೆನ್?"

ಇಂದು ಬೆಳಿಗ್ಗೆ ಭಾನುಬೆನ್ ತಾನೇ ಓಣಿಗೆ ಹೋಗಿ ನೀರು ಹಿಡಿದು ತಂದಿದ್ದಳು.

"ಮಾಸಿ, ನಾನೇನಾದ್ರೂ ಮಾಡ್ಲಾ?" ಎಂದಳು ಜಿಗೀಷಾ, ಚಿಕ್ಕಮ್ಮನನ್ನು ಕೇಳುವಂತೆ.

"ದೂರ ಕೂತ್ಕೋ. ನಿನ್ನ ಉಸಿರೂ ಇದಕ್ಕೆ ತಾಗೋದು ಬೇಡ."

ಆಮ್ಲ ಬೆರೆಸಿ, ಮೇಲೆ ಪರೀಕ್ಷೆಯ ದ್ರಾವಣ ಹನಿಸಿದಳು; ಕ್ರೋಮಿಯಂ ಇದ್ದರೆ ಬಣ್ಣ ಬರುತ್ತದೆ. ನೀರು ತಿಳಿಯಾಗಿಯೇ ಉಳಿಯಲಿ ಎಂದು ಬೇಡಿಕೊಂಡಳು. ಓಣಿಯ ಜನರಿಗಾಗಿ ಅಲ್ಲ. ನೀರು ಮೆಲ್ಲಗೆ ನೇರಳೆಗೆ ತಿರುಗಿತು. ಇನ್ನೆರಡು ಸಲ ಮಾಡಿದಳು. ಮೂರನೆಯದರ ಬಣ್ಣ ಹುಡುಗಿ ಬರೆದದ್ದಕ್ಕಿಂತಲೂ ಗಾಢವಾಗಿತ್ತು.

ಇಷ್ಟು ವರ್ಷ ಕ್ಲೋರಿನ್, ಗಡಸುತನ ಎಂದು ಅಳೆದದ್ದೇ ಅಳೆದದ್ದು. ಇದನ್ನು ನೋಡಬೇಕೆಂದು ತನಗೇಕೆ ಹೊಳೆಯಲಿಲ್ಲ?

"ನಂದೇ ತಪ್ಪಿರಲಿ ಅಂತ ದೇವರಿಗೆ ಹೇಳ್ಕೊಂಡಿದ್ದೆ ಮಾಸಿ," ಎಂದಳು ಜಿಗೀಷಾ. ಅವಳ ಕಣ್ಣು ಕೆಂಪಾಗಿತ್ತು. "ಆ ಓಣೀಲಿ ಎಷ್ಟು ಕೂಸುಗಳಿದಾವೆ ನೋಡಿದ್ರಾ?"

ನೋಡಿದ್ದಳು. ಆದರೂ ಹುಡುಗಿ ಹೀಗೆ ಒಳ್ಳೆಯವಳಾಗಿರುವುದನ್ನು ಸಹಿಸಲಾಗಲಿಲ್ಲ. "ಬಾಯಿ ಮುಚ್ಕೊಂಡು ಅಂಕಿ ಬರ್ಕೋ," ಎಂದು ಗದರಿದಳು. ವರದಿಯಲ್ಲಿ ಹುಡುಗಿಯ ಹೆಸರಿನ ಕೆಳಗೆ ಸಹಿ ಹಾಕುವಾಗ ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿತು. ಒಂದು ಪ್ರತಿಯನ್ನು ಜಿಲ್ಲೆಯ ಆರೋಗ್ಯಾಧಿಕಾರಿಗೆ ಕಳಿಸಿ, ಆಮೇಲೆ ಇನ್ನೊಂದನ್ನು ಸಾಹೇಬರ ಮೇಜಿನ ಮೇಲಿಟ್ಟಳು.

"ಕುರ್ಚಿಗೆ ಬೇರೆಯವರನ್ನ ಹುಡುಕಬೇಕಾಯ್ತು," ಎಂದರು ಅವರು.

"ಹುಡುಕ್ಕೊಳ್ಳಿ ಸಾಹೇಬ್."

ಮೂರನೇ ದಿನ ನಲ್ಲಿಗಳು ನಿಂತವು, ಓಣಿಗೆ ಟ್ಯಾಂಕರ್ ಬಂತು. ಪತ್ರಿಕೆಯಲ್ಲಿ ಜಿಗೀಷಾಳ ಫೋಟೋ ಬಂತು. ಭಾನುಬೆನ್ ಆ ಹಾಳೆಯನ್ನು ಮಡಚಿ ಅದರ ಮೇಲೆ ಕುಳಿತಳು.

ಸಂಜೆ ಟ್ಯಾಂಕರಿನ ನೀರು ಪರೀಕ್ಷಿಸಲು ಓಣಿಗೆ ಹೋದಾಗ, ಕೂಸನ್ನು ಸೊಂಟಕ್ಕೇರಿಸಿಕೊಂಡ ಹೆಂಗಸೊಬ್ಬಳು ಕೇಳಿದಳು: "ವಿಷ ಕಂಡುಹಿಡಿದದ್ದು ನೀವೇ ಅಲ್ವಾ ಬೆನ್?"

ಅಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ.

"ಅಲ್ಲ," ಎಂದಳು. "ನಮ್ಮ ಜಿಗೀಷಾ. ನಾನು ಎರಡನೇ ಸಲ ನೋಡಿದವಳು."

ಹೆಂಗಸು ಬಿಂದಿಗೆಯನ್ನು ಮುಂದಕ್ಕೆ ತಳ್ಳಿದಳು. ಭಾನುಬೆನ್ ಬಾಗಿ, ಒದ್ದಾಡುತ್ತಿದ್ದ ಟ್ಯಾಂಕರ್ ಪೈಪಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಂದಿಗೆಯ ಬಾಯಿಗಿಟ್ಟಳು.