ಸೀಬೆ ಮರದ ಕೆಳಗಿನ ತಗಡಿನ ಡಬ್ಬ

ತಗಡಿಗೆ ದುಡ್ಡಿಲ್ಲ, ಅಂಗಡಿಯಲ್ಲಿ ಉಳಿದಿದ್ದ ತುಂಡು. ಡಬ್ಬ ನಿಲ್ಲಿಸುವ ಪೈಪು ಗುಜರಿಯಿಂದ ತಂದದ್ದು, ನೂರೆಂಬತ್ತು ರೂಪಾಯಿ. ರಿವೆಟ್ಟು, ಮುಚ್ಚಳಕ್ಕೆ ಕೀಲು, ಪೈಪಿನ ಬುಡಕ್ಕೆ ಒಂದು ಬಾಂಡ್ಲಿ ಕಾಂಕ್ರೀಟು, ಎಲ್ಲ ಸೇರಿ ಇನ್ನೊಂದು ನೂರೈವತ್ತು. ಒಳಗೆ ತುಂಬುವ ಕಡಲೆಬೀಜವೇ ಎಲ್ಲಕ್ಕಿಂತ ದುಬಾರಿ. ಕೂಲಿ ಹಾಕುವ ಹಾಗಿಲ್ಲ. ಮಾಡಿದವನೂ ಮಾಡಿಸಿಕೊಂಡವನೂ ಗುಲಾಮ್ ನಬಿಯೇ. ಅಳಿಲಿಗೆ ಇಷ್ಟು ಖರ್ಚಾ ಎಂದು ಶಿರಾ ಗೇಟಿನ ಅಕ್ಕಪಕ್ಕದ ಅಂಗಡಿಯವರು ನಕ್ಕರು. ನಬಿ ತಲೆ ಎತ್ತಲಿಲ್ಲ. ಅವನು ಅದನ್ನು ಮಾಡುತ್ತಿದ್ದುದು ಹೆಂಡತಿಗಾಗಿ.

ಮಗಳು ಅರ್ಜೂ ಚಿಕ್ಕಂದಿನಿಂದಲೂ ಬೆಳಿಗ್ಗೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಒಂದು ಹಿಡಿ ಬೀಜ ಇಟ್ಟು ಅಳಿಲುಗಳನ್ನು ಕರೆಯುತ್ತಿದ್ದಳು. ಮದುವೆಯಾಗಿ ಗುಬ್ಬಿಗೆ ಹೋದ ಮೇಲೂ ಫೋನಿನಲ್ಲಿ ಮೊದಲು ವಿಚಾರಿಸುತ್ತಿದ್ದುದು ಅವುಗಳನ್ನೇ. ಹೋದ ವರ್ಷ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಗುಬ್ಬಿಯಲ್ಲೇ ಮಣ್ಣು ಮಾಡಿದರು.

ಆಮೇಲೆ ನಬಿಯ ಹೆಂಡತಿ ರಹಿಮಾ ಬೀ ಮನೆಯೊಳಗೆ ಮಾತು ನಿಲ್ಲಿಸಿದಳು. ಜಗಳವಿಲ್ಲ, ಕೋಪವಿಲ್ಲ. ಕೇಳಿದ್ದಕ್ಕೆ ಹೂಂ ಅಥವಾ ಉಹೂಂ. ಹೊತ್ತಿಗೆ ಸರಿಯಾಗಿ ಅಡುಗೆ ಆಗುತ್ತಿತ್ತು, ಬಟ್ಟೆ ಒಣಗುತ್ತಿತ್ತು. ಆದರೆ ಬೆಳಿಗ್ಗೆ ಕಲ್ಲಿನ ಮೇಲೆ ಬೀಜವಿಟ್ಟು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರೆ ಅಳಿಲುಗಳ ಜೊತೆ ಮಾತಿಗೆ ಇಳಿಯುತ್ತಿದ್ದಳು. ಮಂಡಿ ನೋವು, ನೀರು ಬಾರದ ನಲ್ಲಿ, ತಳ ಕಂಡ ಉಪ್ಪಿನ ಡಬ್ಬಿ, ರಾತ್ರಿ ಕನಸಿನಲ್ಲಿ ಬಂದ ಅರ್ಜೂ, ಎಲ್ಲವನ್ನೂ ಅವುಗಳಿಗೆ ಹೇಳುತ್ತಿದ್ದಳು.

ಬಚ್ಚಲ ಕಿಂಡಿ ಹಿತ್ತಲ ಕಡೆಗೇ ಇತ್ತು. ಸ್ನಾನಕ್ಕೆ ಹೋದ ನಬಿಗೆ ಮೊದಮೊದಲು ಅವಳ ಮಾತು ತಾನಾಗಿ ಕಿವಿಗೆ ಬಿತ್ತು. ಆಮೇಲೆ ಅದನ್ನು ಕೇಳುವುದಕ್ಕೆಂದೇ ಅವನು ನಿಧಾನವಾಗಿ ನೀರು ಹುಯ್ದುಕೊಳ್ಳತೊಡಗಿದ. ಸಂಜೆ ಬರುವಾಗ ಉಪ್ಪು ತರುತ್ತಿದ್ದ, ಮಂಡಿಗೆ ಎಣ್ಣೆ ತರುತ್ತಿದ್ದ. ಹೇಗೆ ಗೊತ್ತಾಯಿತೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಗಂಡ ಹೆಂಡತಿಯ ನಡುವೆ ಉಳಿದಿದ್ದ ದಾರಿ ಅದೊಂದೇ.

ಒಂದು ದಿನ ಹಿಂದಿನ ಗಲ್ಲಿಯ ಬೆಕ್ಕು ಅವಳ ಕಣ್ಣೆದುರೇ ಕಲ್ಲಿನ ಮೇಲಿಂದ ಒಂದು ಅಳಿಲನ್ನು ಕಚ್ಚಿಕೊಂಡು ಹೋಯಿತು. ಬಾಲದ ತುದಿ ಇಲ್ಲದ ಅದನ್ನು ಅರ್ಜೂ ಮೊಂಡಿ ಎಂದು ಕರೆಯುತ್ತಿದ್ದಳು. ರಹಿಮಾ ಬೀ ಕಲ್ಲನ್ನು ಉಜ್ಜಿ ಉಜ್ಜಿ ತೊಳೆಯುತ್ತಾ ಅತ್ತಳು. ಮಗಳು ಹೋದಾಗಲೂ ಅವಳು ಹಾಗೆ ದನಿ ತೆಗೆದು ಅತ್ತಿರಲಿಲ್ಲ. ನಬಿ ಅಂಗಡಿಗೆ ಹೋದವನೇ ಬೇರೆ ಕೆಲಸ ಬದಿಗಿಟ್ಟು ತಗಡಿಗೆ ಕತ್ತರಿ ಹಾಕಿದ.

ಅವನು ಟ್ರಂಕು, ಅಕ್ಕಿ ಡ್ರಮ್ಮು ಮಾಡುವವನು. ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಮಾಡುತ್ತಿದ್ದುದು ಕೋಳಿ ಫಾರಂಗಳಿಗೆ ಮೇವಿನ ಡಬ್ಬ. ಮೇಲೆ ತುಂಬಿದರೆ, ತಿಂದಷ್ಟೂ ಕೆಳಗಿನ ತಟ್ಟೆಗೆ ತಾನಾಗಿ ಇಳಿಯುತ್ತದೆ. ಅದೇ ಲೆಕ್ಕದಲ್ಲಿ ಅಳಿಲಿಗೂ ಮಾಡಿದ. ಬಾಯಿ ಸಣ್ಣದು ಮಾಡಿ, ಕೈ ಕೊಯ್ಯದಂತೆ ಅಂಚು ಮಡಚಿದ. ಮಳೆ ನೀರು ಹೋಗದಂತೆ ಓರೆ ಮುಚ್ಚಳ ಇಟ್ಟ. ಪೈಪಿನ ನಡುವೆ ಒಂದು ದೊಡ್ಡ ಆಲಿಕೆಯನ್ನು ಬೋರಲು ಹಾಕಿ ಕೂರಿಸಿದ. ಹತ್ತಿ ಬಂದ ಬೆಕ್ಕು ಅಲ್ಲಿಂದ ಜಾರಿ ವಾಪಸ್ ಹೋಗಬೇಕು. ಅಳಿಲು ಬರುವುದಕ್ಕೆ ಹಿತ್ತಲಿನ ಸೀಬೆ ಮರದ ಒಂದು ತೆಳು ಕೊಂಬೆಯನ್ನು ಬಿಟ್ಟು ಉಳಿದವನ್ನು ಸವರಿದ. ಆ ಕೊಂಬೆ ಅಳಿಲಿನ ಭಾರ ತಡೆಯುತ್ತದೆ, ಬೆಕ್ಕು ಕಾಲಿಟ್ಟರೆ ಬಗ್ಗುತ್ತದೆ.

ಕುಣಿಗಲ್ ಕಡೆ ಫಾರಂ ಇಟ್ಟಿರುವ ಚನ್ನೇಶ್ ತನ್ನ ಡಬ್ಬಗಳನ್ನು ಒಯ್ಯಲು ಅಂಗಡಿಗೆ ಬಂದವನು ಇದನ್ನು ತಿರುಗಿಸಿ ನೋಡಿದ.

"ನಮ್ ಕೋಳಿ ಡಬ್ಬಾನೇ ಅಲ್ವಾ ಸಾಬ್ರೇ, ಟೋಪಿ ಹಾಕ್ಸಿದೀರ ಅಷ್ಟೇ," ಎಂದು ನಕ್ಕ. "ಒಂದ್ಸಲ ತುಂಬ್ಸಿ ಬುಟ್ರೆ ವಾರಗಟ್ಲೆ ಆ ಕಡೆ ಯಾರೂ ತಲೆ ಹಾಕಂಗಿಲ್ಲ. ಆರಾಮ್."

ತನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಹೊಗಳಿಕೆ ನಬಿಗೆ ಗೊತ್ತಿರಲಿಲ್ಲ.

ಹಿತ್ತಲಲ್ಲಿ ನಿಲ್ಲಿಸಿದ ಮೇಲೆ ಡಬ್ಬ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆಯಿತು. ಬೆಕ್ಕು ಆಲಿಕೆಯವರೆಗೆ ಹತ್ತಿ ಜಾರಿ ಬಿತ್ತು, ಮತ್ತೆ ಹತ್ತಿ ಬಿತ್ತು, ಕೊನೆಗೆ ಬರುವುದನ್ನೇ ಬಿಟ್ಟಿತು. ಅಳಿಲುಗಳು ಕೊಂಬೆಯಿಂದ ಇಳಿದು ಹಸಿವಾದಾಗ ತಿಂದು ಹೋಗುತ್ತಿದ್ದವು. ರಹಿಮಾ ಬೀ ಮರುದಿನವೂ ಕಲ್ಲಿನ ಮೇಲೆ ಬೀಜವಿಟ್ಟು ಕರೆದಳು. ಹೊಟ್ಟೆ ತುಂಬಿದ್ದ ಅಳಿಲುಗಳು ಕೆಳಗೆ ಇಳಿಯಲಿಲ್ಲ. ಇನ್ನೊಂದು ಬೆಳಿಗ್ಗೆ ಕಾದು, ಬೀಜವನ್ನು ಬಳಿದು ಸೆರಗಿಗೆ ಹಾಕಿಕೊಂಡು ಒಳಗೆ ಬಂದಳು. ಮಣೆ ಅಡುಗೆಮನೆಯ ಗೋಡೆಗೆ ಒರಗಿತು.

ಬಚ್ಚಲಲ್ಲಿ ನಬಿಗೆ ಏನೂ ಕೇಳಿಸಲಿಲ್ಲ. ಅವಳು ತಡವಾಗಿ ಹೋಗುತ್ತಿರಬೇಕು ಎಂದುಕೊಂಡ. ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ತಟ್ಟೆಗೆ ಬಿದ್ದ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಎದುರು ಕೂತ ರಹಿಮಾ ಬೀ ಅದನ್ನೇ ಕಲಸಿ ಉಣ್ಣುತ್ತಿದ್ದಳು. ಅವನು ಎದ್ದು ಹೋಗಿ ಡಬ್ಬಿ ತೆಗೆದು ನೋಡಿದ. ಒಳಗೆ ಒಣಗಿದ ಚಮಚ ಮಾತ್ರ ಇತ್ತು.

ಮರುದಿನ ಪಕ್ಕದ ಮನೆಯ ರಾಧಮ್ಮ ಕಾಂಪೌಂಡಿನ ಆಚೆಯಿಂದ ಕರೆದರು.

"ಸಾಬ್ರೇ, ನಿಮ್ ಮನೆಯೋರಿಗೆ ಹುಷಾರಿಲ್ವಾ? ಹಿತ್ಲಿಗೇ ಬರಲ್ವಲ್ಲ. ಅವ್ರ್ ಮಾತು ಕೇಳ್ಕೊಂಡು ನಾನು ಹಾಲು ಕಾಯಿಸ್ತಿದ್ದೆ. ನಿಮ್ ಭಾಷೆ ಅರ್ಥ ಆಗ್ತಿರ್ಲಿಲ್ಲ. ಆದ್ರೂ ಮನೇಲಿ ಜನ ಇದಾರೆ ಅನ್ಸೋದು."

ಕೋಳಿ ಸಾಕುವವನಿಗೆ ಬೇಕಾದ್ದು ಯಾರೂ ಹೋಗಬೇಕಿಲ್ಲದ ಡಬ್ಬ. ಅದನ್ನೇ ತಂದು ತನ್ನ ಹಿತ್ತಲಲ್ಲಿ ನಿಲ್ಲಿಸಿದ್ದೇನೆ ಎಂಬುದು ನಬಿಗೆ ಆಗ ಹೊಳೆಯಿತು. ಒಳಗಿನಿಂದ ಸ್ಪ್ಯಾನರ್ ತಂದು ಬಿಚ್ಚಲು ನಿಂತ. ಸದ್ದಿಗೆ ರಹಿಮಾ ಬೀ ಬಾಗಿಲಿಗೆ ಬಂದಳು. ಎಷ್ಟೋ ದಿನದ ಮೇಲೆ ತಾನಾಗಿ ಬಾಯಿ ತೆರೆದಳು.

"ಬಿಚ್ಚಬೇಡಿ. ನಾನಿಟ್ಟಿದ್ದು ತಿನ್ನೋಕೆ ಬಂದೇ ಮೊಂಡಿ ಹೋಯ್ತು. ಅವು ಮೇಲೇ ಇರ್ಲಿ. ಅಲ್ಲಿ ಬೆಕ್ಕೂ ಇಲ್ಲ, ನಾನೂ ಬೇಕಾಗಿಲ್ಲ."

"ಹಂಗಾದ್ರೆ ನನ್ನ ಹತ್ರ ಹೇಳು," ಎಂದ ನಬಿ.

"ಏನು ಹೇಳ್ಲಿ?"

"ಉಪ್ಪು ಮುಗಿದ್ರೆ ಮುಗೀತು ಅನ್ನು. ಅಷ್ಟಾದ್ರೂ."

ರಹಿಮಾ ಬೀ ಅವನ ಮುಖ ನೋಡಿದಳು. ಆಮೇಲೆ ಬಚ್ಚಲ ಕಿಂಡಿಯ ಕಡೆ ನೋಡಿದಳು. ಉಪ್ಪು, ಮಂಡಿಯ ಎಣ್ಣೆ ಎಲ್ಲಿಂದ ಬರುತ್ತಿತ್ತು ಎಂಬುದು ಅವಳಿಗೆ ತಿಳಿಯಿತು. ಬೈಯಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದಳು. ನಬಿ ಸಡಿಲಿಸಿದ್ದ ನಟ್ಟನ್ನು ತಿರುಗಿ ಬಿಗಿ ಮಾಡಿದ.

ಡಬ್ಬ ಈಗಲೂ ಅಲ್ಲೇ ಇದೆ. ಅದು ಖಾಲಿಯಾದಾಗ ತುಂಬುವವನು ನಬಿ. ಈ ಸಲ ಸೀಬೆ ಮರದಲ್ಲಿ ಅಳಿಲು ಮರಿ ಹಾಕಿದೆ. ಸಂಜೆ ಅಂಗಡಿಯಿಂದ ಬಂದವನು ಕೈಕಾಲು ತೊಳೆದು ಮೊದಲು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾನೆ. ಅಂದಿನಿಂದ ಬೆಕ್ಕಿಗೆ ಒಂದು ಅಳಿಲೂ ಸಿಕ್ಕಿಲ್ಲ. ಅಳಿಲುಗಳು ಉಳಿದವು, ರಹಿಮಾ ಬೀಯ ಮಾತು ಹೋಯಿತು.