ಫಿರಂಗಿ ಮೂರ್ತಿಯವರ ಎಕ್ಸ್‌ರೇ

ಹಲಸೂರಿನ ಅಂಜನಮೂರ್ತಿಯವರು ನೌಕಾಪಡೆಯಲ್ಲಿ ಫಿರಂಗಿ ಹಾರಿಸಿದವರೆಂಬುದು ಇಡೀ ಬೀದಿಗೆ ಗೊತ್ತು. ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಲು ಅವರೇ ಬರಬೇಕು. ಹಾರ ಹಾಕಿಸಿಕೊಂಡು, ಎರಡನೇ ಮಹಾಯುದ್ಧದಲ್ಲಿ ಜರ್ಮನರನ್ನು ನಡುಗಿಸಿದ ತಮ್ಮ ಕ್ರೂಸರ್ ಯುದ್ಧಹಡಗು ಮುಪ್ಪಿನಲ್ಲಿ ಭಾರತಕ್ಕೆ ಬಂದದ್ದು, ಕಡೆಗೆ ಗುಜರಿಯವರ ಪಾಲಾದದ್ದು, ಎಲ್ಲ ವರ್ಣಿಸಿಯೇ ಮೈಕು ಬಿಡುತ್ತಿದ್ದರು. ಅವರು ಹೇಳದೆ ಬಿಟ್ಟದ್ದು ಒಂದೇ: ಆ ಫಿರಂಗಿಯನ್ನು ಅವರು ಮುಟ್ಟಿಯೇ ಇರಲಿಲ್ಲ. ಏಳು ವರ್ಷವೂ ಹಡಗಿನ ಹೊಟ್ಟೆಯೊಳಗಿನ ಬಾಯ್ಲರ್ ಕೋಣೆಯಲ್ಲಿ, ಉಗಿಯ ಪೈಪುಗಳಿಗೆ ಶಾಖ ತಡೆಯುವ ಆಸ್ಬೆಸ್ಟಾಸ್ ನಾರು ಸುತ್ತುತ್ತಿದ್ದರು. ಹೆಣ್ಣು ನೋಡಲು ಹೋದಾಗ ಹೇಳಿದ ಒಂದು ಸುಳ್ಳನ್ನು ನಲವತ್ತು ವರ್ಷದಿಂದ ಸಾಕಿಕೊಂಡು ಬಂದಿದ್ದರು.

ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೆಂಡತಿ ಯಶೋದಮ್ಮ ಅವರನ್ನು ಶಿವಾಜಿನಗರದ ಎದೆರೋಗದ ಡಾಕ್ಟರ್ ಅಲಿಯಾ ಹತ್ತಿರ ಎಳೆದುಕೊಂಡು ಹೋದರು.

"ಹಳೇ ಹಡಗು ಅಂತೀರ. ಆಸ್ಬೆಸ್ಟಾಸ್ ಧೂಳಲ್ಲಿ ಕೆಲ್ಸ ಮಾಡಿದ್ರಾ? ಅದು ನಲ್ವತ್ತು ವರ್ಷ ಆದ್ಮೇಲೂ ಕಾಡತ್ತೆ," ಎಂದರು ಡಾಕ್ಟರ್.

"ಅಯ್ಯೋ, ಅದೆಲ್ಲ ಕೆಳಗಿನೋರಿಗೆ ಡಾಕ್ಟ್ರೇ," ಎಂದು ಯಶೋದಮ್ಮ ಬಾಯಿ ಹಾಕಿದರು. "ಇವ್ರು ಮೇಲೆ, ಫಿರಂಗಿ ಹತ್ರ! ಮುಂಬೈ ಕ್ವಾರ್ಟರ್ಸಲ್ಲಿ ಇವ್ರ ಬಟ್ಟೆ ಕೊಡವಿದ್ರೆ ಬೆಳ್ಳಗೆ ಮದ್ದಿನ ಪುಡಿ ಉದುರ್ತಿತ್ತು. ನಾನೇ ಒಗೀತಿದ್ದೆ."

ಮೂರ್ತಿಯವರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ತಮ್ಮ ಎದೆ ಏನಾದರೂ ಆಗಲಿ, ಮಾನ ಉಳಿದರೆ ಸಾಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದರು.

"ಹಾಗಿದ್ರೆ ಬಚಾವಾದ್ರಿ ಅಮ್ಮ. ಆ ಧೂಳಿನ ಬಟ್ಟೆ ಒಗೆದ ಹೆಂಡ್ತೀರಿಗೂ ಕಾಯಿಲೆ ಬಂದಿರೋದುಂಟು," ಎನ್ನುತ್ತ ಡಾಕ್ಟರ್ ಮಾತ್ರೆ ಬರೆಯಲು ಪೆನ್ನು ತೆಗೆದರು.

ಮೂರ್ತಿಯವರು ಕೈ ಚಾಚಿ ಪೆನ್ನು ತಡೆದರು.

"ಮೇಡಂ, ಬರೀಬೇಡಿ. ನಾನು ಬಾಯ್ಲರ್ ಕೋಣೆಯೋನು. ಅದು ಮದ್ದಿನ ಪುಡಿ ಅಲ್ಲ. ನಂದು ಆಮೇಲಿರ್ಲಿ, ಮೊದ್ಲು ಇವಳ ಎದೆ ನೋಡಿ."

ಯಶೋದಮ್ಮ ಗಂಡನ ಕಡೆ ತಿರುಗಿದರು. ಆಮೇಲೆ ಶುರುವಾಯಿತು.

"ಗೀಸರ್ ಬರೋ ತನಕ ಸ್ನಾನದ ಹಂಡೆಗೆ ಒಲೆ ಊದಿದ್ದು ನಾನು! ನೀರು ಕಾಯ್ಸೋದೆಲ್ಲ ಫಿರಂಗಿಯೋನಿಗೆ ಬರಲ್ಲ ಅಂದ್ರಲ್ರೀ! ಬಾಯ್ಲರ್‌ನೋರಂತೆ!"

ಡಾಕ್ಟರ್ ಎಕ್ಸ್‌ರೇಗೆ ಬರೆದುಕೊಟ್ಟ ಮೇಲೂ ಬೈಗುಳ ಕಾರಿಡಾರಿನುದ್ದಕ್ಕೂ ಸಾಗಿತು. ಎಕ್ಸ್‌ರೇ ಕೋಣೆಯ ಮುನೀರ್ "ಅಮ್ಮಾ, ಉಸಿರು ಹಿಡ್ಕೊಳಿ" ಎಂದು ಎರಡು ಸಲ ಬೇಡಿಕೊಂಡ, ಪ್ರಯೋಜನವಾಗಲಿಲ್ಲ. ಮೂರನೇ ಸಲಕ್ಕೆ ಒಳಗೆ ಒಮ್ಮೆಲೇ ನಿಶ್ಶಬ್ದ. ಬಾಗಿಲ ಹೊರಗೆ ಮೂರ್ತಿಯವರೂ ಉಸಿರು ಹಿಡಿದು ನಿಂತಿದ್ದರು.