ಸಿಟ್ಟು ಬಂದವರು ಮಲಗತಕ್ಕದ್ದು

ಗಜೇಂದ್ರಗಡದಿಂದ ಮುಮತಾಜಬಿ ಆಪಾ ಬರುವ ಹೊತ್ತಿಗೆ ನನ್ನ ಮನೆ ಮದರಸಾದಂತೆ ನಡೆಯುತ್ತಿತ್ತು. ಹಾಗೆಂದು ಫೋನಿನಲ್ಲಿ ನಾನೇ ಹೇಳಿದ್ದೆ. ಆಪಾ ನನ್ನ ಗಂಡನ ಅಕ್ಕ. ನಮ್ಮ ರೋಣದ ಮನೆಯಲ್ಲಿ ಮಕ್ಕಳಿಗೆ ಶಿಸ್ತು ಬರುವುದಿಲ್ಲ, ಮಗಳು ಅಲ್ಫಿಯಾಳನ್ನು ತಾವೇ ಇಟ್ಟುಕೊಂಡು ಓದಿಸುತ್ತೇವೆ ಎಂದು ಅವರು ಹಟ ಹಿಡಿದಾಗ ಗಂಡ ‘ನೋಡೂಣು’ ಅಂದಿದ್ದರು. ನಮ್ಮಲ್ಲಿ ಆ ಮಾತಿಗೆ ಹುಡುಗಿಯ ಬಟ್ಟೆ ಕಟ್ಟಿಡು ಎಂದರ್ಥ. ಕಟ್ಟಿಟ್ಟಿದ್ದೆ.

ನನ್ನ ವಿದ್ಯೆ ಮಸೀದಿ ಹಿಂದಿನ ಹೆಂಗಸರ ಸಂಜೆ ತರಗತಿಯದು. ಅಲ್ಲಿ ಕೇಳಿದ್ದನ್ನೆಲ್ಲ ಮರುದಿನ ಮಕ್ಕಳ ಮೇಲೆ ಸುರಿಯುತ್ತಿದ್ದೆ. ಏಳುವಾಗ ದುವಾ, ಉಣ್ಣುವಾಗ ಬಿಸ್ಮಿಲ್ಲಾ, ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ವಜೂಗೆ ಒಂದೇ ತಂಬಿಗೆ ನೀರು. ಏಳು ವರ್ಷದ ಅಲ್ಫಿಯಾ ಎಲ್ಲ ಕಲಿತಳು. ಐದು ವರ್ಷದ ದಾದಾಪೀರ ಬಿಸ್ಮಿಲ್ಲಾ ಹೇಳಿ ಅಕ್ಕನ ತಟ್ಟೆಯ ಮೊಟ್ಟೆ ತಿನ್ನುವುದನ್ನು ಕಲಿತ. ಇಬ್ಬರೂ ಕೂದಲು ಹಿಡಿದು ಜಗಳಾಡಿದ ದಿನ ಇನ್ನೊಂದು ಪಾಠ ಸೇರಿಸಿದೆ: ಸಿಟ್ಟು ಬಂದರೆ ನಿಂತವರು ಕೂಡಬೇಕು, ಇಳಿಯದಿದ್ದರೆ ಮಲಗಬೇಕು, ಆಮೇಲೆ ವಜೂ ಮಾಡಬೇಕು. ಉಪದೇಶ ಪ್ರವಾದಿಯವರದು, ಮನೆ ತಣ್ಣಗಿರಲಿ ಎಂಬ ದುರಾಸೆ ಮಾತ್ರ ನನ್ನದು. ಇದು ದೊಡ್ಡವರಿಗೂ ಅನ್ವಯಿಸುತ್ತದೆಯೇ ಎಂದು ತರಗತಿಯಲ್ಲಿ ಕೇಳಲು ಮರೆತಿದ್ದೆ.

ಆಪಾ ಬಂದು ಚಹಾ ಹಿಡಿದು ಕೂತರು. ಸಂಜೆಗೆ ಮುಂಚಿನ ಅಸರ್ ನಮಾಜಿನ ಹೊತ್ತು.

“ನೋಡ್ರಿ ಆಪಾ, ಈಗ ತಾವಾ ವಜೂಕ್ಕ ಹೋಗ್ತಾರ,” ಎಂದೆ.

ಹೋದರು. ಸ್ವಲ್ಪ ಹೊತ್ತಿಗೆ ಆಪಾರ ಹೊಸ ಚಪ್ಪಲಿ ಅಂಗಳದಿಂದ ತೇಲುತ್ತ ಹೊಸ್ತಿಲಿಗೆ ಬಂತು. ಓಡಿ ನೋಡಿದರೆ ದಾದಾಪೀರ ಡ್ರಮ್ಮಿನ ನಳ ಪೂರ್ತಿ ಬಿಟ್ಟು ಒಂದೇ ಕಾಲನ್ನು ತೊಳೆಯುತ್ತಲೇ ಇದ್ದಾನೆ.

“ಏ ಕತ್ತಿಮರಿ! ಇನ್ನ ವಾರಗಟ್ಲೆ ನೀರು ಬರಂಗಿಲ್ಲಲೇ! ಕಾಲು ತೊಳಿಯಾಕತ್ತೀಯೋ, ಎಮ್ಮಿ ತೊಳಿಯಾಕತ್ತೀಯೋ?”

ನನ್ನ ದನಿ ಓಣಿಗೆಲ್ಲ ಕೇಳಿತು. ಅಲ್ಫಿಯಾ ನಳ ಬಂದ್ ಮಾಡಿ, ನನ್ನನ್ನು ನಡುಮನೆಗೆ ಎಳೆದು ತಂದಳು.

“ಅಮ್ಮೀ, ಕೂಡು.”

ಆಪಾರ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು. ಕೂಡದಿದ್ದರೆ ಕಲಿಸಿದ್ದೆಲ್ಲ ಸುಳ್ಳಾಗುತ್ತದೆ; ಕೂತರೆ ಮರ್ಯಾದೆ ಹೋಗುತ್ತದೆ, ಅದರ ಹಿಂದೆ ಮಗಳೂ ಹೋಗುತ್ತಾಳೆ. ಕೂತೆ.

“ಇಳೀತೇನು?”

ಸುಳ್ಳು ಹೇಳಬಾರದೆಂಬುದೂ ನನ್ನದೇ ಪಾಠ. “ಇಲ್ಲ.”

“ಮಲ್ಕೋ ಹಂಗಾರ.”

ಗಂಡನ ಅಕ್ಕನ ಕಾಲ ಬಳಿ, ಹಾಡಹಗಲು, ಅಂಗಾತ ಮಲಗಿದೆ. ದಾದಾಪೀರ ಉಪಕಾರಕ್ಕೆಂದು ತಲೆದಿಂಬು ತಂದ. ಆಮೇಲೆ ಅಲ್ಫಿಯಾ ಒಂದು ತಂಬಿಗೆ ನೀರು ಕೊಟ್ಟಳು. “ಇಷ್ಟ ಸಾಕು. ನೀನ ಹೇಳೀದಿ.”

ವಜೂ ಹೇಗೂ ಆಯಿತಲ್ಲ ಎಂದು ನಮಾಜಿಗೆ ಜಾನಮಾಜು ಹಾಸಿ ನಿಂತೆ. ಕರೆಯದೆಯೇ ಇಬ್ಬರೂ ಪಕ್ಕಕ್ಕೆ ಬಂದು ನಿಂತರು. ಫೋನಿನಲ್ಲಿ ಏನೇ ಹೇಳಿರಲಿ, ಅದೇ ಮೊದಲು.

ನಮಾಜು ಮುಗಿಸಿ ತಿರುಗಿದಾಗ ಆಪಾ ಚಪ್ಪಲಿಯ ನೀರು ಝಾಡಿಸುತ್ತಿದ್ದರು. ಕಟ್ಟಿಟ್ಟ ಬಟ್ಟೆಯ ಚೀಲವನ್ನು ಕಾಲಿನಿಂದ ನನ್ನ ಕಡೆ ಸರಿಸಿದರು.

“ಇಕಿ ಇಲ್ಲೇ ಇರ್ಲಿ ಬಿಡವಾ.”

“ಯಾಕ್ರಿ ಆಪಾ?”

“ದಿನಾ ಎಷ್ಟ ಸರ್ತಿ ಬಾಯಿ ಮಾಡ್ತೀನಿ ಅನ್ನೂದು ನಂಗ ಗೊತ್ತೈತಿ. ಒಂದೊಂದಕ್ಕೂ ಮಲಗಿ ಏಳಾಕ ಈ ಮೊಣಕಾಲು ಕೇಳಬೇಕಲ್ಲ!”